ಕಾರಿನ ಹನುಮಂತ ದೇವರ ಮನೆಗೆ ಬರಬಹುದೇ?

ಪ್ರಶ್ನೆ: ನಮ್ಮ ಸ್ವಂತ ಊರು ಅಜ್ಜಂಪುರ, ಈಗ ಕಡೂರಿನಲ್ಲಿದ್ದೇವೆ. ಮಗ ಕಾರಿನ ಹಿಂದಿನ ಗಾಜಿಗೆ ಕೇಸರಿ-ಕಪ್ಪು ಬಣ್ಣದ ಹನುಮಂತನ ಮುಖ ಅಂಟಿಸಿದ್ದಾನೆ. ಅದೇ ಚಿತ್ರಕ್ಕೆ ಫ್ರೇಮ್ ಹಾಕಿಸಿ ದೇವರ ಮನೆಯಲ್ಲೂ ಇಟ್ಟಿದ್ದಾನೆ. "ಸಿಟ್ಟು ಮಾಡ್ಕೊಂಡ ದೇವರ ಮುಂದೆ ನಾನು ದೀಪ ಹಚ್ಚಲ್ಲ" ಎಂದು ನಮ್ಮ ಅತ್ತೆ ಎರಡು ಶನಿವಾರದಿಂದ ಪೂಜೆಯನ್ನೇ ಬಿಟ್ಟಿದ್ದಾರೆ. ತೆಗೆದರೆ ಮಗ ಮುನಿಸಿಕೊಳ್ಳುತ್ತಾನೆ. ಏನು ಮಾಡಲಿ?
– ಓರ್ವ ಗೃಹಿಣಿ, ಕಡೂರು

ಉತ್ತರ: ಆ ಚಿತ್ರ ಬರೆದವರು ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ಊರಿನ ಹುಡುಗರು ಬಾವುಟಕ್ಕೆಂದು ಕೇಳಿದಾಗ ಮಾಡಿಕೊಟ್ಟದ್ದು. ಅಂದರೆ ಅದು ಪೂಜೆಗೆಂದು ಹುಟ್ಟಿದ್ದಲ್ಲ, ದೂರದಿಂದ ಕಾಣಲೆಂದು ಹುಟ್ಟಿದ್ದು. ಇದು ಕೋಪವಲ್ಲ, ಗತ್ತು ಎಂಬುದು ಅವರದೇ ವಿವರಣೆ. ಆದರೂ ನಿಮ್ಮ ಅತ್ತೆಯವರಿಗೆ ಸಿಟ್ಟು ಕಂಡಿತಲ್ಲ, ಅದನ್ನು ತಳ್ಳಿಹಾಕುವಂತಿಲ್ಲ. ಅವರು ಚಿಕ್ಕಂದಿನಿಂದ ಕಂಡ ಹನುಮಂತ ರಾಮನ ಪಾದದ ಬಳಿ ಕೈಮುಗಿದು ಕೂತವನು, ಇಲ್ಲವೇ ಸಂಜೀವಿನಿ ಪರ್ವತ ಹೊತ್ತವನು. ಇಲ್ಲಿ ರಾಮನೂ ಇಲ್ಲ, ಮುಗಿದ ಕೈಯೂ ಇಲ್ಲ, ಬರೀ ಮುಖ.

ಹಾಗಂತ ಹೊಸದು ಅನ್ನುವ ಕಾರಣಕ್ಕೇ ತಪ್ಪು ಎನ್ನಲಾಗದು. ರಾಜಾ ರವಿವರ್ಮರ ಅಚ್ಚುಕೂಟ 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಮೇಲೆ ಸೀರೆಯುಟ್ಟ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಮನೆಮನೆಗೆ ಬಂದವು. ಅವೂ ಒಂದು ಕಾಲಕ್ಕೆ ಹೊಸವೇ. ಉಗ್ರರೂಪವೂ ನಮಗೆ ಅಪರಿಚಿತವಲ್ಲ, ನರಸಿಂಹನನ್ನು ಪೂಜಿಸುವವರು ನಾವು. (ಅಲ್ಲೂ ಮನೆಗೆ ಹೆಚ್ಚಾಗಿ ತರುವುದು ತೊಡೆಯ ಮೇಲೆ ಲಕ್ಷ್ಮಿ ಕೂತ ಶಾಂತಮೂರ್ತಿಯನ್ನೇ ಅನ್ನಿ.)

ಒಮ್ಮೆ ಅತ್ತೆಯವರನ್ನೂ ಮಗನನ್ನೂ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಅಮೃತೇಶ್ವರ ದೇವಾಲಯ 1196ರದ್ದು, ಹೊಯ್ಸಳರ ಕಾಲದ್ದು. ತೆರೆದ ಮಂಟಪದ ಕಿರುಗೋಡೆಯ ದಕ್ಷಿಣದ ಕಡೆ ರಾಮಾಯಣದ್ದೇ 70 ಫಲಕಗಳಿವೆ. ಉತ್ತರಕ್ಕೆ ಕೃಷ್ಣನ ಕಥೆ, ಮಹಾಭಾರತ. ಅವಕ್ಕೆ ಅಭಿಷೇಕವಿಲ್ಲ, ನೈವೇದ್ಯವಿಲ್ಲ. ನೋಡುತ್ತಾ, ಮಕ್ಕಳಿಗೆ ಕಥೆ ಹೇಳುತ್ತಾ ಸುತ್ತು ಬರುತ್ತೇವೆ. ಪೂಜೆ ಒಳಗೆ, ಗರ್ಭಗುಡಿಯ ಲಿಂಗಕ್ಕೆ. ಹಾಗೆಂದು ಗೋಡೆಯ ಶಿಲ್ಪ ಕೀಳಲ್ಲ. ಅಲ್ಲಿ ನೋಡುವವರು ನಾವು, ಗರ್ಭಗುಡಿಯಲ್ಲಿ ದೇವರೂ ನಮ್ಮನ್ನು ನೋಡುತ್ತಾನೆ. ಬೆಳಗಾಗೆದ್ದು ದೀಪ ಹಚ್ಚುವವರು ಬೇಡುವುದು ಆ ದೃಷ್ಟಿಯನ್ನೇ. ಗಂಟಿಕ್ಕಿದ ಹುಬ್ಬಿನ ಮುಂದೆ ಅತ್ತೆಯವರ ಕೈ ಹಿಂದೆ ಸರಿದದ್ದು ಅದಕ್ಕೇ.

ನನ್ನ ಅಭಿಪ್ರಾಯದಲ್ಲಿ ಮಗನ ಚಿತ್ರ ಗೋಡೆಯ ಸಾಲಿನದ್ದು. ಹಜಾರದಲ್ಲಿ, ಎತ್ತರದಲ್ಲಿ, ಅವನ ಕೈಯಿಂದಲೇ ತೂಗುಹಾಕಿಸಿ. ಹೂ ಮುಡಿಸುತ್ತೇನೆಂದರೆ ಮುಡಿಸಲಿ. ದೇವರ ಮನೆಗೆ ಕೈಮುಗಿದ ದಾಸಾಂಜನೇಯನ ಪಟವನ್ನು ಅತ್ತೆಯವರೇ ಆರಿಸಲಿ. ಕಾರಿನದ್ದು ಇರಲಿ, ಆದರೆ ಸ್ಟಿಕ್ಕರ್ ಹರಿದು ಅರ್ಧ ಮುಖ ಉಳಿದ ದಿನ ಪೂರ್ತಿ ತೆಗೆದುಬಿಡಿ. ಮುಂದಿನ ಶನಿವಾರ ದೀಪ ಹಚ್ಚಲು ಅಜ್ಜಿಯನ್ನು ಮೊಮ್ಮಗನೇ ಹೋಗಿ ಕರೆಯಲಿ.