ರೈಲಿನ ಮೋಟಾರಿನಲ್ಲಿ ಶಕ್ತಿನಷ್ಟದ ಲೆಕ್ಕ

ಜಪಾನಿನಲ್ಲಿ 1992ರಲ್ಲಿ ಸಂಚಾರಕ್ಕೆ ಬಂದ 300 ಶ್ರೇಣಿಯ ಶಿಂಕಾನ್‌ಸೆನ್ ರೈಲು ಗಂಟೆಗೆ 270 ಕಿಲೋಮೀಟರು ವೇಗದಿಂದ ಓಡುತ್ತಿತ್ತು. ಅದನ್ನು ಎಳೆಯಲು ತಲಾ 300 ಕಿಲೋವಾಟ್ ಸಾಮರ್ಥ್ಯದ 40 ಪ್ರೇರಣ ಮೋಟಾರುಗಳಿದ್ದವು. ಯಾವ ಮೋಟಾರೂ ತಾನು ಪಡೆದ ಶಕ್ತಿಯನ್ನೆಲ್ಲ ಚಕ್ರಕ್ಕೆ ಒಪ್ಪಿಸಲಾರದು. ಇಂತಹ ಮೋಟಾರಿನ ದಕ್ಷತೆ ನೂರಕ್ಕೆ 94 ಎಂದು ಭಾವಿಸೋಣ. ಆಗ 300 ಕಿಲೋವಾಟ್ ಕೊಡಲು ಅದಕ್ಕೆ ಸುಮಾರು 319 ಕಿಲೋವಾಟ್ ಬೇಕು. ಮಿಕ್ಕ 19 ಕಿಲೋವಾಟ್ ಉಷ್ಣವಾಗುವುದು. ನಲವತ್ತು ಮೋಟಾರುಗಳಿಗೆ ಇದು 760 ಕಿಲೋವಾಟ್! ಈ ಉಷ್ಣವನ್ನು ಹೊರಹಾಕದಿದ್ದರೆ ತಂತಿಯ ಅವಾಹಕ ಹೊದಿಕೆ ಕೆಟ್ಟು ಮೋಟಾರು ಸುಟ್ಟುಹೋಗುವುದು. ಆದುದರಿಂದ ಮೋಟಾರನ್ನು ಕಟ್ಟುವ ಮೊದಲೇ ನಷ್ಟವನ್ನು ಲೆಕ್ಕಹಾಕಬೇಕಾಗುತ್ತದೆ.

ನಷ್ಟವು ಮುಖ್ಯವಾಗಿ ಮೂರು ವಿಧ. ಮೊದಲನೆಯದು ತಾಮ್ರನಷ್ಟ. ಇದು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿ. ಎರಡನೆಯದು ಕಬ್ಬಿಣನಷ್ಟ. ಇದರಲ್ಲಿ ಎರಡು ಭಾಗಗಳಿವೆ. ಕಬ್ಬಿಣದ ಕಾಂತತ್ವವು ಪದೇ ಪದೇ ದಿಕ್ಕು ಬದಲಿಸುವುದರಿಂದ ಆಗುವ ಹಿಸ್ಟೆರಿಸಿಸ್ ನಷ್ಟವು ಆವೃತ್ತಿಗೆ ಅನುಪಾತದಲ್ಲಿದೆ. ಕಬ್ಬಿಣದೊಳಗೇ ಹುಟ್ಟುವ ಸುಳಿಪ್ರವಾಹಗಳ ನಷ್ಟವಾದರೋ ಆವೃತ್ತಿಯ ವರ್ಗಕ್ಕೂ ತಗಡಿನ ದಪ್ಪದ ವರ್ಗಕ್ಕೂ ಅನುಪಾತದಲ್ಲಿದೆ. ತಗಡಿನ ದಪ್ಪವನ್ನು ಅರ್ಧ ಮಾಡಿದರೆ ಈ ನಷ್ಟ ಕಾಲುಭಾಗಕ್ಕೆ ಇಳಿಯುವುದು. ಮೋಟಾರಿನ ಗರ್ಭವನ್ನು ಇಡೀ ಗಟ್ಟಿಯಿಂದ ಮಾಡದೆ ತೆಳುತಗಡುಗಳನ್ನು ಜೋಡಿಸಿ ಮಾಡುವುದು ಇದಕ್ಕಾಗಿಯೇ. ಮೂರನೆಯದು ಬೇರಿಂಗುಗಳ ಘರ್ಷಣೆ ಮತ್ತು ಗಾಳಿಯ ತಡೆಯಿಂದಾಗುವ ಯಾಂತ್ರಿಕ ನಷ್ಟ.

ಈಗ ಒಂದು ಸರಳ ಲೆಕ್ಕ ಮಾಡೋಣ. ಮೇಲಿನ 19 ಕಿಲೋವಾಟಿನಲ್ಲಿ ತಾಮ್ರನಷ್ಟ 8, ಕಬ್ಬಿಣನಷ್ಟ 7, ಯಾಂತ್ರಿಕ ನಷ್ಟ 4 ಎಂದಿಟ್ಟುಕೊಳ್ಳೋಣ. ವೇಗವೂ ಕಾಂತಕ್ಷೇತ್ರವೂ ಬದಲಾಗದೆ ಹೊರೆ ಅರ್ಧವಾಯಿತು. ಪ್ರವಾಹವೂ ಸುಮಾರಾಗಿ ಅರ್ಧವಾಯಿತು. ಆಗ ತಾಮ್ರನಷ್ಟ 2 ಕಿಲೋವಾಟಿಗೆ ಇಳಿದರೂ ಉಳಿದ ಎರಡು ಹಾಗೆಯೇ ಇರುತ್ತವೆ. ಒಟ್ಟು ನಷ್ಟ 13 ಕಿಲೋವಾಟ್. 150 ಕಿಲೋವಾಟ್ ಪಡೆಯಲು 163 ಕಿಲೋವಾಟ್ ಕೊಡಬೇಕು. ದಕ್ಷತೆ ನೂರಕ್ಕೆ 92. ನಷ್ಟ ತಗ್ಗಿದರೂ ದಕ್ಷತೆ ಹೆಚ್ಚಲಿಲ್ಲ, ಕಡಿಮೆಯೇ ಆಯಿತು! ದಕ್ಷತೆಯು ಮೋಟಾರಿಗೆ ಅಂಟಿಕೊಂಡ ಒಂದೇ ಒಂದು ಸಂಖ್ಯೆಯಲ್ಲವೆಂಬುದು ಇದರಿಂದ ಸ್ಪಷ್ಟ.

ರೈಲು ಹೊರಡುವಾಗ ಪ್ರವಾಹ ಹೆಚ್ಚು, ಆವೃತ್ತಿ ಕಡಿಮೆ. ಆಗ ತಾಮ್ರನಷ್ಟವೇ ಪ್ರಧಾನ. ವೇಗ ಏರಿದಂತೆ ಕಬ್ಬಿಣನಷ್ಟವೂ ಯಾಂತ್ರಿಕ ನಷ್ಟವೂ ಮುಂದೆ ಬರುತ್ತವೆ. ಆದುದರಿಂದ ಪ್ರಯಾಣದ ಕಾಲವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ವಿಭಾಗಿಸಿ, ಪ್ರತಿಯೊಂದರ ನಷ್ಟವನ್ನೂ ಕಂಡುಹಿಡಿದು ಕೂಡಿಸಬೇಕು. ಇದೇ ನಷ್ಟದ ಗಣಿತಮಾದರಿ.

ಇದರ ಪ್ರಯೋಜನಕ್ಕೆ ಒಂದು ನಿದರ್ಶನ ಕೊಡಬಹುದು. 2012ರಲ್ಲಿ ಇಟಲಿಯಲ್ಲಿ ಸಂಚಾರ ಆರಂಭಿಸಿದ ಇಟಾಲೊ ರೈಲುಗಳಲ್ಲಿ ಶಾಶ್ವತ ಕಾಂತದ ಮೋಟಾರುಗಳಿವೆ. ಕಾಂತಕ್ಷೇತ್ರವನ್ನು ಹುಟ್ಟಿಸಲು ಇವುಗಳ ತಿರುಗುಭಾಗದಲ್ಲಿ ಪ್ರವಾಹ ಬೇಡ. ಆದುದರಿಂದ ಅಲ್ಲಿ ತಾಮ್ರನಷ್ಟವಿಲ್ಲ. ಆದರೆ ಪ್ರವಾಹ ನಿಲ್ಲಿಸಿ ರೈಲನ್ನು ಹಾಗೆಯೇ ಸಾಗಬಿಟ್ಟಾಗಲೂ ಕಾಂತವು ಕಾಂತವಾಗಿಯೇ ಇರುವುದರಿಂದ ಕಬ್ಬಿಣನಷ್ಟ ಮುಂದುವರಿಯುವುದು. ಪ್ರೇರಣ ಮೋಟಾರಿನಲ್ಲಾದರೋ ಪ್ರವಾಹದೊಡನೆ ಕಾಂತಕ್ಷೇತ್ರವೂ ಅಡಗಿ ಆ ನಷ್ಟ ನಿಲ್ಲುವುದು. ಎರಡರಲ್ಲಿ ಯಾವುದು ಲೇಸು? ಉತ್ತರ ಮೋಟಾರನ್ನು ಮಾತ್ರ ನೋಡಿದರೆ ದೊರೆಯದು. ಅದು ಓಡುವ ಹಾದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.