ಕಾರಕೂನನೇ ಕಟ್ಟುವ ಗಣಕ ದಫ್ತರ

ಭೋಸರಿ, ಚಿಂಚವಡ, ಚಾಕಣ ಭಾಗದ ಕಾರಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ‘ಜಾಬ್‌ವರ್ಕ್’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಕಡೆದ ಬಿಡಿಭಾಗವು ಲೇಪಕ್ಕಾಗಿ ಇನ್ನೊಂದು ಕಡೆಗೆ, ಹದಗೊಳಿಸುವ ಸಲುವಾಗಿ ಮತ್ತೊಂದು ಕಡೆಗೆ ಚಲನಿನೊಡನೆ ಹೋಗಿ ಬರುತ್ತದೆ. ಹೋದದ್ದನ್ನು ಗೇಟಿನ ರಜಿಸ್ಟರಿನಲ್ಲಿ ಒಮ್ಮೆ, ಸ್ಟೋರಿನ ಪುಸ್ತಕದಲ್ಲಿ ಒಮ್ಮೆ, ಆಫೀಸಿನ ಎಕ್ಸೆಲ್ ಹಾಳೆಯಲ್ಲಿ ಮತ್ತೊಮ್ಮೆ ಬರೆಯುತ್ತಾರೆ. ತಿಂಗಳ ಕೊನೆಗೆ ಮೂರೂ ಕೂಡುವುದಿಲ್ಲ. ರಾತ್ರಿಯವರೆಗೆ ಕುಳಿತು ತಾಳೆ ನೋಡುವ ಪಾಳಿ ಕಾರಕೂನನದು.

ಇದು ಬರಿಯ ದಣಿವಿನ ಮಾತಲ್ಲ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ. ಕಾಯದೆಯ 143ನೆಯ ಕಲಮಿನಂತೆ, ತೆರಿಗೆ ಕಟ್ಟದೆ ಜಾಬ್‌ವರ್ಕಿಗೆ ಕಳಿಸಿದ ಮಾಲು 1 ವರ್ಷದೊಳಗೆ ಮರಳಬೇಕು, ಇಲ್ಲವೆ ಅಲ್ಲಿಂದಲೇ ಮಾರಾಟವಾಗಬೇಕು. ಯಂತ್ರಸಾಮಗ್ರಿಗೆ ಅವಧಿ 3 ವರ್ಷ. ಮೌಲ್ಡು, ಡೈ, ಜಿಗ್‌ಗಳಿಗೆ ಈ ಗಡುವಿಲ್ಲ. ಅಧಿಕಾರಿಗಳು ಅವಧಿಯನ್ನು ವಿಸ್ತರಿಸದ ಹೊರತು, ಗಡುವು ಮೀರಿದ ಮಾಲು ಕಳಿಸಿದ ದಿನವೇ ಮಾರಾಟವಾಯಿತೆಂದು ಲೆಕ್ಕ; ತೆರಿಗೆಯೂ ಬಡ್ಡಿಯೂ ಹೆಗಲೇರುತ್ತವೆ. ಆಗ ಮಾಲಿಕರ ಬೆರಳು ಯಾರ ಕಡೆಗೆ ತಿರುಗುವುದೆಂಬುದನ್ನು ನೀವು ಬಲ್ಲಿರಿ.

ಮೂರು ಪುಸ್ತಕಗಳ ಬದಲು ಎಲ್ಲರೂ ಒಂದರಲ್ಲೇ ಬರೆಯುವಂತಿದ್ದರೆ? ಇಂಥ ದಫ್ತರವನ್ನು ಕಟ್ಟಲು ಹಿಂದೆ ಪ್ರೋಗ್ರಾಮು ಬರೆಯಬಲ್ಲವರೇ ಬೇಕಾಗಿತ್ತು. ಈಗ ಹಾಗಿಲ್ಲ. ಚೆನ್ನೈಯಲ್ಲಿ ಕೇಂದ್ರವುಳ್ಳ ಝೋಹೋ ಕಂಪನಿಯು 2006ರಲ್ಲಿಯೇ ‘ಝೋಹೋ ಕ್ರಿಯೇಟರ್’ ಎಂಬ ಸಲಕರಣೆಯನ್ನು ಹೊರತಂದಿತು. ‘ಆಪ್‌ಶೀಟ್’ ಎಂಬ ಇನ್ನೊಂದನ್ನು ಗೂಗಲ್ 2020ರಲ್ಲಿ ಕೊಂಡುಕೊಂಡಿತು. ಇವುಗಳಲ್ಲಿ ಕಾಲಮುಗಳನ್ನು ಆರಿಸಿ ಜೋಡಿಸಿದರೆ ಸಾಕು, ಅಂತರ್ಜಾಲದ ಮೂಲಕ ಗಣಕಯಂತ್ರದಲ್ಲೂ ಮೊಬೈಲಿನಲ್ಲೂ ತೆರೆಯುವ ದಫ್ತರ ಸಿದ್ಧವಾಗುತ್ತದೆ. ಆದರೆ ಯಾವ ಕಾಲಮು ಬೇಕು, ಯಾವುದು ಬೇಡ ಎಂಬುದನ್ನು ಸಲಕರಣೆ ತಾನಾಗಿ ಅರಿಯದು. ಅದನ್ನು ಬಲ್ಲವನು ದಿನವೂ ಚಲನು ಬರೆಯುವ ಮನುಷ್ಯನೇ. ಹೀಗಿರುವುದರಿಂದ ಈ ವಿದ್ಯೆಯ ಮುಖ್ಯಭಾಗ ನಿಮ್ಮಲ್ಲಿ ಆಗಲೇ ಇದೆ.

ಮೊದಲನೆಯದಾಗಿ, ಕೋಷ್ಟಕಗಳ ವಿಚಾರ. ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಬರೆಯಬೇಕು. ಉಳಿದ ಕಡೆಗಳಲ್ಲಿ ಅದರ ಗುರುತು ಮಾತ್ರ ಇರಬೇಕು. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡುವ ಶಾಸ್ತ್ರವನ್ನು ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬ ವಿದ್ವಾಂಸರು 1970ರಲ್ಲಿ ಮಂಡಿಸಿದರು. ಕೀರ್ದಿಯ ಪುಟಸಂಖ್ಯೆಯನ್ನು ಖತಾವಣಿಯಲ್ಲಿ ನಮೂದಿಸಿ ಬಲ್ಲವರಿಗೆ ಗುರುತಿನಿಂದ ಸಂಬಂಧ ಕಟ್ಟುವ ಈ ಕ್ರಮ ಹೊಸದೆನಿಸದು.

ನಮ್ಮ ಕೆಲಸಕ್ಕೆ ನಾಲ್ಕು ಕೋಷ್ಟಕ ಸಾಕು. ಮೊದಲನೆಯದು ಜಾಬ್‌ವರ್ಕ್ ಮಾಡುವವರ ಹೆಸರು, ವಿಳಾಸ, ಜಿ.ಎಸ್.ಟಿ. ನಂಬರು. ಎರಡನೆಯದು ಮಾಲಿನ ಹೆಸರು, ಡ್ರಾಯಿಂಗ್ ನಂಬರು, ಅಳತೆ. ಮೂರನೆಯದು ಹೊರಹೋದದ್ದು: ಚಲನು ನಂಬರು, ತಾರೀಖು, ಯಾರಿಗೆ, ಯಾವ ಮಾಲು, ಎಷ್ಟು. ಚಲನೊಂದರಲ್ಲಿ ಎರಡು ಮಾಲಿದ್ದರೆ ಎರಡು ಸಾಲು. ನಾಲ್ಕನೆಯದು ಮರಳಿ ಬಂದದ್ದು: ಹೊರಹೋದ ಯಾವ ಸಾಲಿಗೆ ಸೇರಿದ್ದು, ತಾರೀಖು, ಎಷ್ಟು, ಅದರಲ್ಲಿ ಕೆಟ್ಟವೆಷ್ಟು.

ಹೋದದ್ದನ್ನೂ ಬಂದದ್ದನ್ನೂ ಒಂದೇ ಸಾಲಿನಲ್ಲಿ ಬರೆದರೇನು ಎಂದು ಕೇಳಬಹುದು. 500 ನಗ ಹೋಗಿದೆಯೆನ್ನಿ. ಮೊದಲು 200 ಬಂದವು, ಬರೆದಿರಿ. ಆಮೇಲೆ 180 ಬಂದವು. ಇದನ್ನು ಎಲ್ಲಿ ಬರೆಯುವುದು? 200ನ್ನು ಅಳಿಸಿ 380 ಎಂದರೆ ಯಾವ ದಿನ ಎಷ್ಟು ಬಂತೆಂಬುದು ಹೋಯಿತು. ಬೇರೆ ಕೋಷ್ಟಕದಲ್ಲಿ ಎರಡು ಸಾಲು ಬರೆದರೆ ಎರಡೂ ಉಳಿಯುತ್ತವೆ. ಬಾಕಿ 120 ಎಂಬುದನ್ನು ಯಂತ್ರವೇ ಕಳೆದು ತೋರಿಸುತ್ತದೆ. ಬಾಕಿಯನ್ನು ಕೈಯಿಂದ ಬರೆಯಲು ಯಾರಿಗೂ ಬಿಡಬಾರದು.

ಎರಡನೆಯದಾಗಿ, ಯಾರು ಏನು ಮಾಡಬಹುದೆಂಬ ನಿಯಮ. ಗೇಟಿನವನಿಗೆ ಬಂದ ಮಾಲನ್ನು ನಮೂದಿಸುವ ಫಾರಂ ಮಾತ್ರ ಕಾಣಲಿ; ಕಾಲಮುಗಳ ಹೆಸರು ಕನ್ನಡದಲ್ಲೋ ಮರಾಠಿಯಲ್ಲೋ ಇರಬಹುದು. ಸ್ಟೋರಿನವರು ಬರೆಯಲಿ, ನೋಡಲಿ. ಮಾಲಿಕರು ಎಲ್ಲವನ್ನೂ ನೋಡಲಿ. ಅಳಿಸುವ ಅಧಿಕಾರವನ್ನು ಎಲ್ಲರಿಗೂ ಹಂಚಬೇಡಿ. ತಪ್ಪನ್ನು ಮುಚ್ಚದೆ ಹೊಸ ಸಾಲಿನಿಂದ ತಿದ್ದುವುದು ಲೆಕ್ಕದ ಹಳೆಯ ಧರ್ಮ. ಹೆಸರುಗಳನ್ನು ಟೈಪು ಮಾಡಿಸದೆ ಪಟ್ಟಿಯಿಂದಲೇ ಆರಿಸುವಂತೆ ಮಾಡಿ. ಒಬ್ಬನ ಹೆಸರನ್ನು ಮೂವರು ಮೂರು ಬಗೆಯಾಗಿ ಬರೆದರೆ ಯಂತ್ರಕ್ಕೆ ಅವನು ಮೂವರಾಗುತ್ತಾನೆ.

ಮೂರನೆಯದಾಗಿ, ಎಚ್ಚರಿಕೆಯ ಪತ್ರ. ಬಾಕಿಯಿದ್ದು ಹತ್ತು ತಿಂಗಳಾದ ಪ್ರತಿಯೊಂದು ಚಲನಿಗೂ ಸಂಬಂಧಪಟ್ಟವರಿಗೆ ಇ-ಮೇಲ್ ಹೋಗುವಂತೆ ಕಟ್ಟಳೆ ಹಾಕಬಹುದು. ಇದಕ್ಕಾಗಿ ತಾರೀಖಿನ ಕಾಲಮು ‘ತಾರೀಖು’ ಎಂಬ ಜಾತಿಯದೇ ಆಗಿರತಕ್ಕದ್ದು. ಬರಿಯ ಅಕ್ಷರಗಳಾಗಿದ್ದರೆ ಯಂತ್ರಕ್ಕೆ ದಿನ ಎಣಿಸಲು ಬಾರದು.

ಕೆಲವು ಜಾಗರೂಕತೆಗಳೂ ಬೇಕು. ಖಾತೆಯನ್ನು ನಿಮ್ಮ ಸ್ವಂತ ಇ-ಮೇಲಿನಲ್ಲಿ ತೆರೆಯದೆ ಕಾರಖಾನೆಯ ಹೆಸರಿನಲ್ಲಿ ತೆರೆಯಿರಿ. ನಾಳೆ ನೀವು ಕೆಲಸ ಬಿಟ್ಟರೆ ಇಬ್ಬರಿಗೂ ತೊಡಕಾಗದು. ಬಳಸುವವರು ಹೆಚ್ಚಿದಂತೆ ಬಾಡಿಗೆ ಏರಬಹುದು, ಮೊದಲೇ ವಿಚಾರಿಸಿ. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕೆಂದು ಕಾಯದೆ ಹೇಳುತ್ತದೆ. ಆದಕಾರಣ ವಾರಕ್ಕೊಮ್ಮೆ ನಕಲು ಇಳಿಸಿಕೊಳ್ಳಿ. ಮೊದಲ ತಿಂಗಳು ಹಳೆಯ ರಜಿಸ್ಟರೂ ಜೊತೆಯಲ್ಲಿ ನಡೆಯಲಿ.

ಇದರಿಂದ ಕಾರಕೂನನ ಕೆಲಸಕ್ಕೇ ಕುತ್ತು ಬಂದೀತೆಂಬ ಅಂಜಿಕೆ ಸಹಜ. ನಕಲು ಮಾಡುವ ಕೆಲಸ ಕಡಿಮೆಯಾಗುವುದು ನಿಜ. ಆದರೆ ಲೆಕ್ಕದ ಒಳಗುಟ್ಟು ಅರಿತವನಿಲ್ಲದೆ ದಫ್ತರ ನಿಲ್ಲದು. ಹೊರಗಿನವರು ಬಂದು ಕಟ್ಟುವ ಮುಂಚೆ ಅದನ್ನು ನೀವೇ ಕಟ್ಟಿಕೊಟ್ಟರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಮುಂದಿನ ರವಿವಾರ ಗೆರೆ ಎಳೆದ ಒಂದು ಹಾಳೆಯಲ್ಲಿ ಈ ನಾಲ್ಕು ಕೋಷ್ಟಕಗಳನ್ನು ಬರೆಯಿರಿ. ಅವುಗಳಲ್ಲಿ ಇಪ್ಪತ್ತು ಹಳೆಯ ಚಲನುಗಳನ್ನು ತುಂಬಿ ನೋಡಿ. ಲೇಖನಿ ಎಲ್ಲಿ ತಡೆಯುವುದೋ ಅಲ್ಲಿ ಕೋಷ್ಟಕದಲ್ಲಿ ಕೊರತೆಯಿದೆ. ಅದನ್ನು ಸರಿಪಡಿಸಿದ ಮೇಲೆಯೇ ಗಣಕಯಂತ್ರದ ಮುಂದೆ ಕೂಡಿರಿ.