ಭೂಗರ್ಭದ ಚಿತ್ರವೂ ಲೆಕ್ಕದ ಹೊರೆಯೂ

2024ರ ಬೇಸಗೆಯಲ್ಲಿ ಮಾರತ್ತಹಳ್ಳಿಯ ನಮ್ಮ ಬೀದಿಯಲ್ಲಿ ಕೊಳವೆಬಾವಿ ಕೊರೆಯುವ ಯಂತ್ರವು ಎರಡು ರಾತ್ರಿ ಎಡೆಬಿಡದೆ ಗರ್ಜಿಸಿತು. ಸಾವಿರ ಅಡಿ ದಾಟಿದರೂ ಮೇಲೆ ಬಂದುದು ಕಲ್ಲಿನ ಪುಡಿ ಮಾತ್ರ. ಹಣ ತೆತ್ತ ನೆರೆಯವರು ನಮ್ಮನ್ನು ಕೇಳಿದರು: “ಎಣ್ಣೆ ಹುಡುಕುವವರು ಮೈಲಿಗಟ್ಟಲೆ ಆಳವನ್ನು ಕೊರೆಯದೆಯೇ ನೋಡುತ್ತಾರಂತೆ. ನಮ್ಮ ನಿವೇಶನದ ಅಡಿಯನ್ನೂ ಹಾಗೆ ನೋಡಲಾಗದೆ?” ಇದಕ್ಕೆ ಉತ್ತರ ಹೇಳಬೇಕಾದರೆ, ಆ ನೋಟಕ್ಕೆ ತಗಲುವ ಬೆಲೆಯೇನೆಂಬುದನ್ನು ಮೊದಲು ತಿಳಿಯಬೇಕು.

ನೆಲಕ್ಕೆ ಒಂದು ಪೆಟ್ಟು ಕೊಟ್ಟರೆ ಅಲೆಗಳು ಒಳಗಿಳಿಯುತ್ತವೆ. ಶಿಲಾಸ್ತರ ಬದಲಾದೆಡೆ ಅವುಗಳಲ್ಲೊಂದು ಭಾಗ ಪ್ರತಿಫಲಿಸಿ ಮೇಲೆ ಬರುತ್ತದೆ. ಅದನ್ನು ಜಿಯೋಫೋನ್‌ಗಳು ದಾಖಲಿಸುತ್ತವೆ. ಆದರೆ ದಾಖಲೆಯೇ ಚಿತ್ರವಲ್ಲ. ಗಣಕಯಂತ್ರದೊಳಗೆ ಒಂದು ಕೃತಕ ನೆಲವನ್ನು ಕಟ್ಟಿ, ಪೆಟ್ಟಿನ ಅಲೆಯನ್ನು ಅದರಲ್ಲಿ ಮುಂದಕ್ಕೆ ಹರಿಯಬಿಡುತ್ತಾರೆ. ದಾಖಲಾದ ಅಲೆಯನ್ನು ಕಾಲದಲ್ಲಿ ಹಿಂದಕ್ಕೆ ಹರಿಯಬಿಡುತ್ತಾರೆ. ಎರಡೂ ಒಂದೇ ಕ್ಷಣದಲ್ಲಿ ಸಂಧಿಸುವ ಸ್ಥಳವೇ ಪ್ರತಿಫಲನದ ಸ್ಥಳ. ಪ್ರತಿ ಬಿಂದುವಿನಲ್ಲೂ ಎರಡನ್ನು ಗುಣಿಸಿ ಕೂಡುತ್ತ ಹೋದರೆ ಚಿತ್ರ ಮೂಡುತ್ತದೆ.

ಈಗ ಲೆಕ್ಕ. ಉದ್ದಗಲ 10 ಕಿಲೋಮೀಟರು, ಆಳ 5 ಕಿಲೋಮೀಟರು ಇರುವ ನೆಲವನ್ನು 10 ಮೀಟರಿನ ಚೌಕಳಿಗಳಾಗಿ ವಿಭಾಗಿಸೋಣ. 50 ಕೋಟಿ ಬಿಂದುಗಳಾದವು. ಅಲೆಯ ಐದು ಸೆಕೆಂಡಿನ ಪಯಣವನ್ನು ಸಹಸ್ರಾಂಶ ಸೆಕೆಂಡಿನ ಹೆಜ್ಜೆಗಳಲ್ಲಿ ಗಣಿಸಿದರೆ 5000 ಹೆಜ್ಜೆ. ಒಂದು ಹೆಜ್ಜೆಗೆ ಬಿಂದುವೊಂದಕ್ಕೆ 50 ಕೂಡು-ಗುಣಿಸುಗಳೆಂದರೆ, ಒಟ್ಟು 125 ಲಕ್ಷ ಕೋಟಿ. ನಮ್ಮೂರಿಗೆ ಅನತಿದೂರದ ಬೈಯಪ್ಪನಹಳ್ಳಿಯಲ್ಲಿ 2003ರಲ್ಲಿ ನೆಲೆಗೊಂಡ ಸಿ-ಡ್ಯಾಕ್ ಸಂಸ್ಥೆಯ ‘ಪರಮ್ ಪದ್ಮ’ದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಗಣನೆ. ಅದಕ್ಕೆ ಈ ಕೆಲಸ 125 ಸೆಕೆಂಡು. ಹಿಂದಕ್ಕೂ ಮುಂದಕ್ಕೂ ಸೇರಿ 250. ಇಷ್ಟೇನೇ ಎನ್ನಬೇಡಿ. ಪೆಟ್ಟುಗಳು ಹತ್ತು ಸಾವಿರವಿದ್ದರೆ 25 ಲಕ್ಷ ಸೆಕೆಂಡು, ಎಂದರೆ 29 ದಿನಗಳಾಗುತ್ತವೆ. ಗರಿಷ್ಠ ವೇಗವು ಕಾಗದದ ಮೇಲಿನದು. ಅದರ ಹತ್ತರಲ್ಲೊಂದು ಪಾಲು ದಕ್ಕಿದರೆ ಹತ್ತು ತಿಂಗಳು ಹಿಡಿಯುತ್ತದೆ.

ಹೊರೆಯನ್ನು ಇಳಿಸುವ ಮೊದಲ ಉಪಾಯ ದೀರ್ಘ ಅಲೆಗಳಿಂದ ಆರಂಭಿಸುವುದು. ಅಲೆಯ ಉದ್ದವನ್ನು ಇಮ್ಮಡಿಗೊಳಿಸಿದರೆ ಚೌಕಳಿಯ ಅಳತೆಯನ್ನೂ ಇಮ್ಮಡಿಗೊಳಿಸಬಹುದು: ಬಿಂದುಗಳು ಎಂಟರಲ್ಲೊಂದಾಗುತ್ತವೆ, ಕಾಲದ ಹೆಜ್ಜೆಗಳು ಅರ್ಧವಾಗುತ್ತವೆ, ವೆಚ್ಚ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೊದಲು ಒರಟು ಚಿತ್ರ ಬಿಡಿಸಿ, ಬಳಿಕ ಅದನ್ನೇ ತಿದ್ದುತ್ತ ಹೋಗಬಹುದು. ಅಗ್ಗದ ಈ ದಾರಿಯೇ ಸುರಕ್ಷಿತವೂ ಹೌದು. ಗಿಡ್ಡ ಅಲೆಗಳಿಂದಲೇ ತೊಡಗಿದರೆ ಒಂದು ಉಬ್ಬನ್ನು ಅದರ ಪಕ್ಕದ ಉಬ್ಬಿನೊಡನೆ ತಪ್ಪಾಗಿ ಜೋಡಿಸುವ ಅಪಾಯವುಂಟು.

ಎರಡನೆಯ ಉಪಾಯ ನಮಗೆ ಹೆಚ್ಚು ಪ್ರಿಯವಾದುದು. ಅಲೆಗಳು ಒಂದರ ಮೇಲೊಂದು ಸೇರಿದರೂ ಕೆಡುವುದಿಲ್ಲ. ಆದ್ದರಿಂದ ಅನೇಕ ಪೆಟ್ಟುಗಳನ್ನು ಒಟ್ಟುಗೂಡಿಸಿ ಒಂದೇ ಬಾರಿಗೆ ಗಣಿಸಬಹುದು. ಎರಡು ಪೆಟ್ಟುಗಳ ಮುಂದಲೆಗಳು ಅ, ಆ; ಹಿಂದಲೆಗಳು ಕ, ಖ ಎನ್ನೋಣ. ನಮಗೆ ಬೇಕಾದುದು ಅಕ ಮತ್ತು ಆಖ. (ಅ+ಆ)(ಕ+ಖ) ಎಂದು ಗುಣಿಸಿದರೆ ಅಖ, ಆಕ ಎಂಬ ಬೇಡದ ಬೆರಕೆಯೂ ಬರುತ್ತದೆ. ಎರಡನೆಯ ಪೆಟ್ಟಿಗೆ ಋಣ ಚಿಹ್ನೆಯಿತ್ತು (ಅ−ಆ)(ಕ−ಖ) ಎಂದು ಮತ್ತೊಮ್ಮೆ ಗುಣಿಸಿ ಕೂಡಿದರೆ ಬೆರಕೆ ಮಾಯವಾಗಿ, 2ಅಕ + 2ಆಖ ಉಳಿಯುತ್ತದೆ. ಎರಡು ಪೆಟ್ಟಿಗೆ ಎರಡು ಸಲ ಗಣಿಸಿದ ಮೇಲೆ ಲಾಭವೆಲ್ಲಿ ಎಂದು ಜಾಣ ವಾಚಕರು ಕೇಳಬಹುದು. ನಿಜ, ಇಲ್ಲಿ ಲಾಭವಿಲ್ಲ. ಆದರೆ ಸಾವಿರಾರು ಪೆಟ್ಟುಗಳ ಚಿತ್ರವನ್ನು ಹೇಗೂ ಹತ್ತಾರು ಸಲ ತಿದ್ದಬೇಕಾಗಿರುವಾಗ, ಪ್ರತಿ ಸಲವೂ ಧನ-ಋಣ ಚಿಹ್ನೆಗಳನ್ನು ನಾಣ್ಯ ಚಿಮ್ಮಿದಂತೆ ಯಾದೃಚ್ಛಿಕವಾಗಿ ಹಂಚಿದರೆ, ಬೆರಕೆಯು ಒಮ್ಮೆ ಅತ್ತ ಒಮ್ಮೆ ಇತ್ತ ವಾಲಿ ಸರಾಸರಿಯಲ್ಲಿ ಕ್ಷೀಣಿಸುತ್ತದೆ. ನಿಜವಾದ ಚಿತ್ರವು ಬಲಗೊಳ್ಳುತ್ತದೆ. ಸ್ವಲ್ಪ ಗದ್ದಲ ಉಳಿಯುವುದು. ಎಲ್ಲ ಜಿಯೋಫೋನ್‌ಗಳೂ ಎಲ್ಲ ಪೆಟ್ಟುಗಳನ್ನೂ ಕೇಳಿರಬೇಕೆಂಬ ನಿಬಂಧನೆಯೂ ಇದೆ. ಹಡಗಿನ ಹಿಂದೆ ಗ್ರಾಹಕಗಳನ್ನು ಎಳೆದೊಯ್ಯುವ ಸಮುದ್ರ ಸಮೀಕ್ಷೆಯಲ್ಲಿ ಇದು ನೆರವೇರುವುದಿಲ್ಲ.

ಇನ್ನು ನೆರೆಯವರ ಪ್ರಶ್ನೆ. ಬೆಂಗಳೂರಿನ ನೆಲವನ್ನು ಅಲೆಗಳಿಂದ ಪರೀಕ್ಷಿಸಿದ್ದುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಸೀತಾರಾಮ್ ಮತ್ತು ಅನ್ಬಳಗನ್ ಅವರು ಭೂಕಂಪದ ಅಪಾಯವನ್ನು ಅಳೆಯಲೆಂದು ನಗರದ 58 ಕಡೆ ಸುತ್ತಿಗೆಯಿಂದ ನೆಲ ಬಡಿದು, ಮೇಲ್ಮೈ ಅಲೆಗಳನ್ನು ದಾಖಲಿಸಿದರು. ಅವರಿಗೆ ಬೇಕಾಗಿದ್ದುದು ಮೇಲಿನ ಕೆಲವು ಹತ್ತು ಮೀಟರುಗಳ ಮಣ್ಣಿನ ಗಡಸುತನ. ಅಂತಹ ಲೆಕ್ಕಕ್ಕೆ ಮೇಜಿನ ಮೇಲಿನ ಗಣಕಯಂತ್ರ ಸಾಕು.

ಕೊಳವೆಬಾವಿಯ ನೀರಾದರೋ ಗಟ್ಟಿ ನೈಸ್ ಶಿಲೆಯ ಕಿರಿದಾದ ಬಿರುಕುಗಳಲ್ಲಿದೆ. ಅಂತಹ ಶಿಲೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5000 ಮೀಟರು. 100 ಹರ್ಟ್ಸ್ ಅಲೆಯ ಉದ್ದ 50 ಮೀಟರು. ಅಂಗೈಯಗಲದ ಬಿರುಕು ಅದಕ್ಕೆ ಕಾಣುವುದು ದುರ್ಲಭ. 1000 ಹರ್ಟ್ಸ್‌ಗೆ ಏರಿದರೆ ಅಲೆಯ ಉದ್ದ 5 ಮೀಟರಿಗೆ ಇಳಿಯುತ್ತದೆ. ಅಷ್ಟೇ ನೆಲಕ್ಕೆ ಲೆಕ್ಕ ಮಾತ್ರ ಹತ್ತು ಸಾವಿರ ಪಟ್ಟು. ಅದನ್ನು ಇಳಿಸಲು ಮೇಲಿನ ಉಪಾಯಗಳಿವೆ ಎನ್ನೋಣ. ಆದರೂ ಅಂತಹ ಗಿಡ್ಡ ಅಲೆಗಳನ್ನು ಮೇಲಿನ ಕೆಮ್ಮಣ್ಣೂ ಶಿಥಿಲಶಿಲೆಯೂ ಶಿಲೆ ಸೇರುವ ಮೊದಲೇ ಹೀರಿಬಿಡುತ್ತವೆ. ನೆರೆಯವರಿಗೆ ಇದನ್ನೇ ಹೇಳಿದೆವು. ಮುಂದಿನ ಬಾವಿಗೆ ಮುನ್ನ ವಿದ್ಯುತ್ ರೋಧ ಅಳೆಯುವ ಭೂವಿಜ್ಞಾನಿಯೊಬ್ಬರನ್ನು ಕರೆಸಿರೆಂದೂ, ಅವರ ಮಾತೂ ಸಂಭವದ ಮಾತೇ ಹೊರತು ಖಾತರಿಯಲ್ಲವೆಂದೂ ಸೇರಿಸಿದೆವು. ಅವರು ಆ ವರ್ಷ ಕೊರೆಯಿಸಲಿಲ್ಲ. ಟ್ಯಾಂಕರಿನ ನೀರನ್ನೇ ತರಿಸಿದರು.